ಫಕೀರವ್ವನ ಬಳ್ಳಿಯ ನಾರು

ನಾನು ಒಂದು ಹೀರೇಕಾಯಿಯ ಒಣ ನಾರು. ನನ್ನಂಥವರು ಬಚ್ಚಲುಮನೆಯ ಮೊಳೆಗೆ ತೂಗುಬಿದ್ದಿರುವುದನ್ನು ನೀವು ನೋಡಿರುತ್ತೀರಿ, ನಮ್ಮಿಂದ ಬೆನ್ನು ತಿಕ್ಕಿಕೊಂಡೂ ಇರುತ್ತೀರಿ. ನನ್ನ ಬಾಳು ಮಾತ್ರ ಬಚ್ಚಲಿನಲ್ಲಿ ಕಳೆಯಲಿಲ್ಲ. ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಜಲವರ್ಣದ ತಟ್ಟೆಯ ಪಕ್ಕದಲ್ಲಿ ಕುಳಿತು, ಕಾಗದದ ಮೇಲೆ ಮನುಷ್ಯರ ಚರ್ಮ ಮೂಡಿಸುವ ಕೆಲಸ ಮಾಡಿದೆ.

ಹುಟ್ಟಿದ್ದು ಕುಷ್ಠರೋಗದ ಆಸ್ಪತ್ರೆಯೊಂದರ ಹಿತ್ತಿಲಲ್ಲಿ. ಧಾರವಾಡದಿಂದ ಒಂದು ತಾಸಿನ ದಾರಿ. ಬಸ್ಸು ದೊಡ್ಡ ರಸ್ತೆಯಲ್ಲೇ ಇಳಿಸಿ ಹೋಗುತ್ತಿತ್ತು, ಅಲ್ಲಿಂದ ಎರೆಮಣ್ಣಿನ ಕಾಲುದಾರಿ. ಹೆಂಗಸರ ವಾರ್ಡಿನ ಹಿಂದೆ ಮುಳ್ಳಿನ ಬೇಲಿ, ಬೇಲಿಯ ಮೇಲೆ ನಮ್ಮ ಬಳ್ಳಿ. ಬೀಜ ಊರಿ ನೀರು ಹೊತ್ತು ಹಾಕಿದವಳು ಫಕೀರವ್ವ.

ಫಕೀರವ್ವ ಆಗ ಇಪ್ಪತ್ತೈದರ ಹೆಂಗಸು. ಒಂದು ವರ್ಷದ ಹಿಂದೆ ಅವಳನ್ನು ಅಲ್ಲಿಗೆ ತಂದು ಬಿಟ್ಟಿದ್ದರು. ಮೂರು ವರ್ಷದ ಮಗಳು ನೀಲವ್ವ ನರಗುಂದದ ಕಡೆಯ ತವರೂರಿನಲ್ಲಿ ಅಣ್ಣ ಬಸಲಿಂಗಪ್ಪನ ಮನೆಯಲ್ಲಿ ಉಳಿದಳು. ಗಂಡ ಬೇರೆ ಮದುವೆಯಾದ. ಅವಳ ಹಾಸಿಗೆ, ಸೀರೆ, ಕೊನೆಗೆ ಅವಳು ಕುಟ್ಟುತ್ತಿದ್ದ ಒನಕೆಯನ್ನೂ ಸುಟ್ಟುಹಾಕಿದನಂತೆ. ಒನಕೆಯ ಮಾತು ಹೇಳುವಾಗ ಮಾತ್ರ ಅವಳಿಗೆ ಸಿಟ್ಟು ಬರುತ್ತಿತ್ತು. "ಒನಕಿ ಏನ್ ಮಾಡಿತ್ತು ಅವಂಗ?" ಅನ್ನುತ್ತಿದ್ದಳು.

ಅವಳ ಬೆರಳುಗಳಿಗೆ ಸ್ಪರ್ಶ ಹೋಗಿತ್ತು. ಚಹಾದ ಬಿಸಿ ಲೋಟ ಹಿಡಿದರೆ ಬೊಬ್ಬೆ ಎದ್ದ ಮೇಲೆಯೇ ತಿಳಿಯುತ್ತಿತ್ತು. ಮುಖ ದಪ್ಪವಾಗಿ ಗಂಟುಗಂಟಾಗಿತ್ತು, ಹುಬ್ಬು ಉದುರಿತ್ತು, ಕಿವಿಯ ಹಾಲೆ ಜೋತುಬಿದ್ದಿತ್ತು. ಬಲಗಣ್ಣಿನ ಕೆಳಗೆ, ಎರಡು ಬೆರಳಗಲದ ಜಾಗದಲ್ಲಿ ಮಾತ್ರ, ಇನ್ನೂ ಸ್ಪರ್ಶ ಉಳಿದಿತ್ತು. ಕಾಯಿ ಎಳೆಯದೋ ಬಲಿತದ್ದೋ ನೋಡಬೇಕಾದಾಗ ಅವಳು ಬಗ್ಗಿ ಆ ಜಾಗವನ್ನು ನಮಗೆ ತಾಗಿಸುತ್ತಿದ್ದಳು. ನನ್ನ ಏಣುಗಳ ಮೇಲೆ ಮೊದಲು ತಾಕಿದ ಮನುಷ್ಯ ಚರ್ಮ ಅದು.

ಆ ವರ್ಷ ಬಳ್ಳಿ ವಿಪರೀತ ಕಾಯಿ ಬಿಟ್ಟಿತು. ವಾರ್ಡಿನವರು ತಿಂದು ಸಾಕಾಗಿ ಉಳಿದದ್ದನ್ನು ಮಂಗಳವಾರದ ಸಂತೆಗೆ ಕಳಿಸಿದರು. ಎಲ್ಲಿಯ ಕಾಯಿ ಎಂದು ಯಾರೋ ಕೇಳಿದರು, ಒಯ್ದವನು ಸುಳ್ಳು ಹೇಳಲಿಲ್ಲ. ಬುಟ್ಟಿ ಹೋದಷ್ಟೇ ತುಂಬಿ ಹಿಂದಕ್ಕೆ ಬಂತು. ಫಕೀರವ್ವ ಬೇಲಿಗೆ ಬಂದು, ಹಳೆಯ ಕೆಂಪು ಸೀರೆಯ ಚಿಂದಿಯೊಂದನ್ನು ಹಲ್ಲಿನಿಂದ ಸೀಳಿ ನನ್ನ ತೊಟ್ಟಿಗೆ ಕಟ್ಟಿದಳು. ಬೀಜಕ್ಕೆ ಬಿಟ್ಟ ಕಾಯಿ ಎಂದು ಅದರ ಗುರುತು.

"ತಿನ್ನಾಕ ಒಲ್ಲೆ ಅಂದ್ರ ಬ್ಯಾಡ. ನೀ ಹಣ್ಣಾಗು," ಎಂದಳು.

ಹಾಗೆ ನಾನು ಬಿಸಿಲಿನಲ್ಲಿ ಹಣ್ಣಾದೆ, ಒಣಗಿದೆ, ಗಾಳಿ ಬೀಸಿದರೆ ಒಳಗೆ ಬೀಜ ಗಲಗಲ ಅನ್ನುವಂತಾದೆ. ಅವಳು ನನ್ನನ್ನು ಕಿತ್ತು ನೀರಿನಲ್ಲಿ ನೆನೆಹಾಕಿ, ಸಿಪ್ಪೆ ಸುಲಿದು, ಬೀಜ ಉದುರಿಸಿ, ಬಿಳಿಯ ನಾರನ್ನು ಮೂರು ತುಂಡು ಮಾಡಿಸಿದಳು. ಒಂದು ಬಚ್ಚಲಿಗೆ, ಒಂದು ಪಾತ್ರೆಗೆ. ನಡುವಿನ ತುಂಡು ನಾನು, ಕೆಲಸವಿಲ್ಲದೆ ಅವಳ ಮಂಚದ ತಲೆದೆಸೆಯ ಮೊಳೆಗೆ ತೂಗುಬಿದ್ದೆ.

ಆ ದೀಪಾವಳಿ ಕಳೆದ ಮೇಲೆ ಇಂದುಮತಿ ಬಂದಳು.

ಇಂದುಮತಿ ಚಿತ್ರಕಲೆ ಕಲಿತ ಹುಡುಗಿ. ಕುಷ್ಠರೋಗದ ಗುರುತುಗಳನ್ನು ಬಣ್ಣದಲ್ಲಿ ಬರೆದುಕೊಡುವುದು ಅವಳಿಗೆ ಸಿಕ್ಕ ಮೊದಲ ನೌಕರಿ. ಆ ಚಿತ್ರಗಳನ್ನು ರಟ್ಟಿಗೆ ಅಂಟಿಸಿ ಹಳ್ಳಿಹಳ್ಳಿಯ ದವಾಖಾನೆಗೆ ಕಳಿಸುತ್ತಾರೆ, ನರ್ಸುಗಳು ಅದನ್ನು ನೋಡಿ ರೋಗವನ್ನು ಬೇಗ ಗುರುತಿಸಬೇಕು. ಒಳ್ಳೆಯ ಕೆಲಸವೇ. ಆದರೆ ಇಂದುಮತಿ ಹೆದರುಪುಕ್ಕಿ. ಕೂರಲು ಸ್ಟೂಲನ್ನು ಮನೆಯಿಂದಲೇ ತರುತ್ತಿದ್ದಳು. ಸೆರಗಿನಿಂದ ಮೂಗು ಮುಚ್ಚಿಕೊಳ್ಳಲೋ ಬೇಡವೋ ಎಂದು ತಿಳಿಯದೆ ಸೆರಗಿನ ತುದಿಯನ್ನು ಕೈಯಲ್ಲಿ ಹಿಡಿದೇ ಇರುತ್ತಿದ್ದಳು. ಸಂಜೆ ಅವಳ ತಾಯಿ ಅವಳಿಗೆ ಸ್ನಾನ ಮಾಡಿಸಿಯೇ ಒಳಗೆ ಬಿಡುತ್ತಿದ್ದರಂತೆ. ನಮ್ಮ ವಾರ್ಡಿಗೆ ಇದೆಲ್ಲ ಹೇಗೆ ಗೊತ್ತು ಅನ್ನುತ್ತೀರಾ? ದೂರ ಕುಳಿತವರು ಏಕೆ ದೂರ ಕುಳಿತಿದ್ದಾರೆ ಎಂಬುದು ವಾರ್ಡಿಗೆ ಯಾವಾಗಲೂ ಗೊತ್ತಿರುತ್ತದೆ.

ಮೊದಲ ಚಿತ್ರಕ್ಕೆ ಕುಳಿತವಳು ಫಕೀರವ್ವ. ನಾಲ್ಕು ದಿನ ಬರೆದ ಚಿತ್ರವನ್ನು ದೊಡ್ಡ ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇಂದುಮತಿಯವರ, ಇದು ಸುಣ್ಣಾ ಬಳದ ಗ್ವಾಡಿ ಆಗೇದ. ಬಣ್ಣ ಎಲ್ಲಾ ಛಲೋ ಹಚ್ಚೀರಿ. ಆದ್ರ ತರಿ ಎಲ್ಲದ? ಗಂಟು ಎಲ್ಲದ? ನೋಡಿದವರ ಬೆರಳಿಗೆ ಹತ್ತಬೇಕು."

ಅವಳ ಕಣ್ಣು ತುಂಬಿತು. ಡಾಕ್ಟರು ಹೋದ ಮೇಲೆ ಕುಂಚ ಒರಗಿಸಿಬಿಟ್ಟಳು. ಎದುರಿಗೆ ಕುಳಿತ ಫಕೀರವ್ವ ಆ ಚಿತ್ರವನ್ನು ಓರೆಯಾಗಿ ನೋಡಿ ನಕ್ಕಳು.

"ಅಕ್ಕಾರ, ನೀವು ನನ್ನ ದೂರ ಕುಂತು ಬರದೀರಿ. ದೂರದಿಂದ ಎಲ್ಲಾರೂ ನುಣ್ಣಗ ಕಾಣತಾರ."

ಆಮೇಲೆ ಎದ್ದು ಹೋಗಿ ಮೊಳೆಯಿಂದ ನನ್ನನ್ನು ತೆಗೆದುಕೊಂಡು ಬಂದಳು. "ಇದನ್ನ ಬಣ್ಣದಾಗ ಅದ್ದಿ ಒತ್ತಿ ನೋಡ್ರಿ. ನನ್ನ ಮಾರಿ ಇದರಂಗ ಅದ."

ಇಂದುಮತಿ ಕೈ ಚಾಚಲಿಲ್ಲ. ಫಕೀರವ್ವನ ಕೈಯೂ ಹಿಂದೆ ಸರಿಯಲಿಲ್ಲ. ಕೊನೆಗೆ ಇಂದುಮತಿ ಹಳೆಯ ಪತ್ರಿಕೆಯ ಹಾಳೆಯಲ್ಲಿ ನನ್ನನ್ನು ಹಿಡಿದುಕೊಂಡಳು. ಮನೆಗೆ ಒಯ್ದು ಎರಡು ಸಲ ಕುದಿಸಿದಳು. ನಾನು ನೊಂದುಕೊಳ್ಳಲಿಲ್ಲ. ಕುದಿಸಿದ್ದರಿಂದ ನನ್ನ ಎಳೆಗಳು ಇನ್ನಷ್ಟು ಬಿಚ್ಚಿಕೊಂಡವು.

ಮೊದಮೊದಲು ಅವಳಿಗೆ ನಾನು ಬಗ್ಗಲಿಲ್ಲ. ತುಂಬ ಹಸಿಯಾಗಿ ಒತ್ತಿದರೆ ಕಾಗದದ ಮೇಲೆ ಬಣ್ಣ ಕೊಚ್ಚೆಯಂತೆ ನಿಲ್ಲುತ್ತಿತ್ತು, ತೀರ ಒಣದಾಗಿ ಒತ್ತಿದರೆ ಕೋಳಿ ಕೆದರಿದಂತೆ ಗೀರು ಮೂಡುತ್ತಿತ್ತು. ಹಾಳಾದ ಕಾಗದದ ಹಿಂಬದಿಯಲ್ಲೂ ಅಭ್ಯಾಸ ಮಾಡಿದಳು. ಹದ ಸಿಕ್ಕಿದ್ದು ಒಂದು ತಿಂಗಳಿಗೆ. ಮೊದಲು ತೆಳುವಾದ ಗೋದಿ ಬಣ್ಣ ಹಚ್ಚಿ, ಅದು ಪೂರ್ತಿ ಆರಲು ಬಿಡಬೇಕು. ಆಮೇಲೆ ಸುಟ್ಟ ಇಟ್ಟಿಗೆಯ ಕಂದಿನಲ್ಲಿ ನನ್ನನ್ನು ಅದ್ದಿ, ಚಿಂದಿಯ ಮೇಲೆ ಒಮ್ಮೆ ಒತ್ತಿ ನೀರು ಹೀರಿಸಬೇಕು. ಆ ಮೇಲೆ ಕಾಗದಕ್ಕೆ ಮುಟ್ಟಿಸಿ, ಎಳೆಯದೆ ಎತ್ತಬೇಕು. ಪ್ರತಿ ಸಲ ನನ್ನನ್ನು ತುಸು ತಿರುಗಿಸಬೇಕು, ಇಲ್ಲದಿದ್ದರೆ ಒಂದೇ ಅಚ್ಚು ಸಾಲಾಗಿ ಮೂಡಿ ಸುಳ್ಳು ಬಯಲಾಗುತ್ತದೆ. ಗಂಟಿನ ಕೆಳಗೆ ಕುಂಚದಿಂದ ನೆರಳು ಕೊಟ್ಟರೆ ಗಂಟು ಕಾಗದದಿಂದ ಎದ್ದು ಬರುತ್ತದೆ.

ಬರಬರುತ್ತ ನನಗೆ ಜೊತೆಗಾರರೂ ಸೇರಿದರು. ಒಂದು ಡಬ್ಬಿಯಲ್ಲಿ ಹರಳುಪ್ಪು. ಬಣ್ಣ ಹಸಿ ಇರುವಾಗಲೇ ಉಪ್ಪು ಉದುರಿಸಿದರೆ ಒಂದೊಂದು ಹರಳೂ ತನ್ನ ಸುತ್ತಲಿನ ಬಣ್ಣವನ್ನು ಕುಡಿದುಬಿಡುತ್ತದೆ. ಆರಿದ ಮೇಲೆ ಕೊಡವಿದರೆ ಅಂಚು ಕದಡಿದ ಬಿಳಿಚು ಮಚ್ಚೆಗಳು ಉಳಿಯುತ್ತವೆ. ರೋಗದ ಮೊದಲ ಗುರುತಾದ ಆ ಮಚ್ಚೆಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ಒಂದು ಮೇಣದಬತ್ತಿಯ ತುಂಡು ಇತ್ತು. ಬಿಗಿದು ಹೊಳೆಯುವ ಚರ್ಮವನ್ನು ಬರೆಯುವ ಮುನ್ನ ಅದನ್ನು ಕಾಗದಕ್ಕೆ ತಿಕ್ಕಿದರೆ ಆ ಜಾಗದಲ್ಲಿ ಬಣ್ಣ ಹಿಡಿಯದು, ಹೊಳಪು ತಾನಾಗಿ ಬರುತ್ತದೆ. ಹಲ್ಲುಜ್ಜುವ ಹಳೆಯ ಬ್ರಶ್ಶು ಸಣ್ಣ ಗುಳ್ಳೆಗಳನ್ನು ಚಿಮುಕಿಸುತ್ತಿತ್ತು. ಅರ್ಧ ಬ್ಲೇಡು ಆರಿದ ಬಣ್ಣವನ್ನು ಕೆರೆದು ಉಳಿದ ಒಂದೆರಡು ಹುಬ್ಬಿನ ಕೂದಲನ್ನು ತೋರಿಸುತ್ತಿತ್ತು. ಉಪ್ಪಿಗೆ ಅಹಂಕಾರ ಹೆಚ್ಚು. ಬ್ಲೇಡು ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ಹೊಸ ಚಿತ್ರವನ್ನು ನೋಡಿದ ಡಾಕ್ಟರು ಅದರ ಮೇಲೆ ಬೆರಳಾಡಿಸಿದರು. ಫಕೀರವ್ವನ ಕಿವಿ ಮತ್ತು ಕೆನ್ನೆ ಏಳನೆಯ ನಂಬರಿನ ರಟ್ಟಿನ ಹಲಗೆಯಾಗಿ ಜಿಲ್ಲೆಯೆಲ್ಲ ಸುತ್ತಿದವು.

"ನನ್ನ ಕಿವಿ ಊರೂರು ತಿರಗತೈತಿ, ನಾ ಇಲ್ಲೇ ಕುಂತೀನಿ," ಎಂದು ಫಕೀರವ್ವ ವಾರ್ಡಿನವರನ್ನು ನಗಿಸುತ್ತಿದ್ದಳು. "ನರಗುಂದದ ದವಾಖಾನಿಗೂ ಹೋಗೈತೇನ್ರಿ ಅಕ್ಕಾರ? ನಮ್ಮಣ್ಣ ನೋಡಿದ್ರ ಗುರ್ತಾ ಹಿಡೀತಾನ."

ಇಂದುಮತಿಯ ಸ್ಟೂಲು ವರ್ಷದಿಂದ ವರ್ಷಕ್ಕೆ ಹತ್ತಿರ ಸರಿಯಿತು. ಮೊದಲು ಐದು ಮಾರು ದೂರವಿದ್ದದ್ದು ಎರಡಾಯಿತು, ಒಂದಾಯಿತು. ಒಂದು ಮಧ್ಯಾಹ್ನ ಬೆಳಕು ಸರಿಹೋಗದೆ, ಯೋಚಿಸದೆಯೇ, ಅವಳು ಫಕೀರವ್ವನ ಗಲ್ಲ ಹಿಡಿದು ಮುಖವನ್ನು ಕಿಟಕಿಯತ್ತ ತಿರುಗಿಸಿದಳು. ಆ ದಿನ ಸೆರಗಿನ ತುದಿ ಹಿಡಿಯುವುದನ್ನೇ ಅವಳು ಮರೆತಳು.

ಬಸಲಿಂಗಪ್ಪ ವರ್ಷಕ್ಕೊಂದು ಕಾರ್ಡು ಬರೆಯುತ್ತಿದ್ದ. ಓದಿ ಹೇಳುತ್ತಿದ್ದವಳು ಇಂದುಮತಿ. ನೀಲವ್ವನಿಗೆ ಒಂಬತ್ತು ತುಂಬಿದ ವರ್ಷದ ಕಾರ್ಡಿನ ಕೊನೆಯಲ್ಲಿ ಒಂದು ಸಾಲಿತ್ತು. ಹುಡುಗಿ ಸಾಲೆಯಿಂದ ಬಂದು ನಮ್ಮವ್ವ ಹೇಗಿದ್ದಳು ಎಂದು ಕೇಳುತ್ತಾಳೆ, ಫೋಟೋ ಇದ್ದರೆ ಕಳಿಸು.

ಫೋಟೋ ಎಂದೂ ತೆಗೆಸಿರಲಿಲ್ಲ. ಆ ಕಾರ್ಡನ್ನು ಫಕೀರವ್ವ ಎರಡು ದಿನ ಕುಪ್ಪಸದೊಳಗೆ ಇಟ್ಟುಕೊಂಡು ತಿರುಗಿದಳು. ಮೂರನೆಯ ದಿನ ಬಂದು ಇಂದುಮತಿಯ ಮುಂದೆ ಕುಳಿತಳು.

"ಅಕ್ಕಾರ, ನಂದೊಂದು ಚಿತ್ರಾ ಬರದು ಕೊಡ್ರಿ."

"ಬರಕೋತ ಬಂದೀನಲ್ಲ, ಇಷ್ಟು ವರ್ಷ?"

"ಅವು ರೋಗದ್ದು. ನಂದು ಅಲ್ಲ." ಅವಳು ಅಂಗೈ ಹಿಂಬದಿಯಿಂದ ಮುಖವನ್ನು ಮೇಲಿಂದ ಕೆಳಗೆ ಒರೆಸಿ ತೋರಿಸಿದಳು. "ಇದನ್ನೆಲ್ಲಾ ಬಿಟ್ಟು ಬರೀರಿ. ಮದಲಿನಂಗ."

ಇಂದುಮತಿಯ ಸ್ವಭಾವ ನನಗೆ ಗೊತ್ತು. ಮುಂದೆ ಆಗಬಹುದಾದ ತೊಂದರೆಯೆಲ್ಲ ಅವಳಿಗೆ ಮೊದಲೇ ಕಾಣುತ್ತದೆ. "ನಾಳೆ ಆಕಿ ದೊಡ್ಡಾಕಿ ಆಗಿ ನಿನ್ನ ನೋಡಲಿಕ್ಕೆ ಬಂದ್ಲು ಅಂದ್ರ?" ಎಂದು ಕೇಳಿದಳು.

"ಯಾರು ಬಿಡತಾರ್ರಿ ಇಲ್ಲಿಗೆ? ಬರೂದಿಲ್ಲ. ಒಂಬತ್ತು ವರ್ಷದ ಕೂಸು ಅಕ್ಕಾರ, ನನ್ನ ಈ ಮಾರಿ ನೋಡಿ ರಾತ್ರಿ ಚಿಟ್ಟನೆ ಚೀರಿದ್ರ ಯಾರು ಎತಗೋತಾರ?"

ಇಂದುಮತಿ ತನಗಾಗಿ ತರಿಸಿಟ್ಟಿದ್ದ ದಪ್ಪ ನುಣುಪಿನ ಕಾಗದವನ್ನು ತೆಗೆದಳು. ಫಕೀರವ್ವ ಹೇಳುತ್ತ ಹೋದಳು, ಅವಳು ಬರೆಯುತ್ತ ಹೋದಳು. ಹುಬ್ಬು ದಟ್ಟ ಇತ್ತು, ಎಡಗಡೆಯದು ತುಸು ಮೇಲೆ. ಮೂಗು ನೆಟ್ಟಗೆ. ಕಿವಿಯಲ್ಲಿ ಬೆಂಡೋಲೆ. ಆ ಒಂದು ವಾರ ಉಪ್ಪಿನ ಡಬ್ಬಿಯ ಮುಚ್ಚಳ ತೆರೆಯಲಿಲ್ಲ. ಮೇಣದಬತ್ತಿಯನ್ನು ಮುಟ್ಟಲಿಲ್ಲ. ನನ್ನನ್ನು ತಟ್ಟೆಯಿಂದ ಎತ್ತಿ ಕಿಟಕಿಯಲ್ಲಿ ಇಟ್ಟುಬಿಟ್ಟಳು, ಕಣ್ಣಿಗೆ ಬೀಳದಿರಲಿ ಎನ್ನುವ ಹಾಗೆ. ಕೆನ್ನೆಯ ಮೇಲೆ ನೀರಿನಷ್ಟು ತೆಳುವಾದ ಬಣ್ಣವನ್ನು ಒಂದೇ ಎಳೆತಕ್ಕೆ ಹಚ್ಚಿದಳು, ಅಂಚು ಎಲ್ಲೂ ನಿಲ್ಲಲಿಲ್ಲ. ಆ ನಯಕ್ಕೆ ನನ್ನಿಂದ ಆಗುವಂಥದ್ದು ಏನೂ ಇರಲಿಲ್ಲ.

ಮುಗಿದ ಚಿತ್ರವನ್ನು ಫಕೀರವ್ವ ಬಹಳ ಹೊತ್ತು ನೋಡಿದಳು. "ಛಲೋ ಇದ್ದೆ ಅಲ್ರೀ ನಾನು," ಎಂದಳು. ಚಿತ್ರ ಅಂಚೆಯಲ್ಲಿ ಹೋಯಿತು. ನೀಲವ್ವ ಅದನ್ನು ಪಾಟಿಚೀಲದಲ್ಲಿ ಇಟ್ಟುಕೊಂಡು ಸಾಲೆಗೆ ಒಯ್ಯುತ್ತಾಳೆಂದು ಮುಂದಿನ ಕಾರ್ಡು ಬಂತು. ಆ ಕಾರ್ಡನ್ನು ಇಂದುಮತಿ ಎಷ್ಟು ಸಲ ಓದಿ ಹೇಳಿದಳೋ ನಾನು ಎಣಿಸಲಿಲ್ಲ.

ಹತ್ತು ವರ್ಷ ಕಳೆದವು. ಫಕೀರವ್ವನ ರೋಗ ಔಷಧಿಗೆ ಸೋತು ಹೋಯಿತು. ಡಾಕ್ಟರು ವಾಸಿಯಾಗಿದೆ ಎಂದು ಕಾಗದದಲ್ಲಿ ಬರೆದುಕೊಟ್ಟರು. ಹೋಗಲು ಮನೆ ಇರಲಿಲ್ಲ, ಅಲ್ಲೇ ಉಳಿದಳು. ಗಂಟುಗಳು ಬತ್ತಿ ಚರ್ಮ ಸುಕ್ಕಾಗಿ ಜೋತಿತು, ಮೂಗು ಒಳಗೆ ಕುಸಿಯಿತು, ಬೆರಳುಗಳು ಗಿಡ್ಡವಾದವು. ಬಸಲಿಂಗಪ್ಪ ತೀರಿಕೊಂಡ ಮೇಲೆ ಕಾರ್ಡುಗಳು ನಿಂತವು. ನಾನೂ ಸವೆದಿದ್ದೆ. ಒಂದು ತುದಿ ಹರಿದು, ಅದನ್ನು ಕತ್ತರಿಸಿ, ಮೊದಲಿನ ಅರ್ಧದಷ್ಟಾಗಿದ್ದೆ.

ಮಾಘದ ಒಂದು ಇಳಿಹೊತ್ತು. ಇಂದುಮತಿ ಬೇಲಿಯ ಬಳಿ ಫಕೀರವ್ವನನ್ನು ಕೂರಿಸಿ ವಾಸಿಯಾದ ಮೇಲಿನ ಮುಖವನ್ನು ಬರೆಯುತ್ತಿದ್ದಳು. ನೀರು ಕೊಳೆಯಾಯಿತೆಂದು ಬೇರೆ ತರಲು ಒಳಗೆ ಹೋದಳು. ಸ್ಟೂಲಿನ ಮೇಲೆ ತಟ್ಟೆ, ತಟ್ಟೆಯಲ್ಲಿ ನಾನು. ಫಕೀರವ್ವ ಅಲ್ಲಿಯೇ ಬುಟ್ಟಿಗೆ ಕಾಯಿ ಕಿತ್ತು ಹಾಕುತ್ತಿದ್ದಳು. ಹಿಂದಿನ ಗೇಟಿನಿಂದ ಒಬ್ಬ ಹುಡುಗಿ ಬಂದಳು. ಹತ್ತೊಂಬತ್ತಿರಬಹುದು. ಕಾಲೆಲ್ಲ ಎರೆಮಣ್ಣಿನ ಧೂಳು. ಎಡಗಡೆಯ ಹುಬ್ಬು ತುಸು ಮೇಲೆ.

ಫಕೀರವ್ವನ ಕೈಯಿಂದ ಕಾಯಿ ಜಾರಿ ಬುಟ್ಟಿಯ ಹೊರಗೆ ಬಿತ್ತು.

"ಅಜ್ಜಿ," ಎಂದಳು ಹುಡುಗಿ.

ಫಕೀರವ್ವನಿಗೆ ಆಗ ನಲವತ್ತೊಂದು.

"ಅಜ್ಜಿ, ಇಲ್ಲಿ ಫಕೀರವ್ವ ಅನ್ನಾಕಿ ಎಲ್ಲಿರತಾಳ? ನಮ್ಮವ್ವ ಆಕಿ." ಚೀಲದಿಂದ ಸುರುಳಿ ತೆಗೆದು ಬಿಚ್ಚಿ ಹಿಡಿದಳು. ಮಡಿಕೆ ಬಿದ್ದ ಕಡೆ ಬಣ್ಣ ಬಿಟ್ಟಿತ್ತು, ಮೂಲೆಗಳು ದುಂಡಾಗಿದ್ದವು. "ನೋಡ್ರಿ, ಹಿಂಗ ಅದಾಳ. ನಾ ಎಲ್ಲಾ ವಾರ್ಡಿನ ಬಾಗಲದಾಗ ಇಣಿಕಿ ಬಂದೆ. ಇಂಥಾ ಮಾರಿ ಎಲ್ಲೂ ಇಲ್ಲ."

ಫಕೀರವ್ವ ಚಿತ್ರವನ್ನು ನೋಡಿದಳು. ಹುಡುಗಿಯನ್ನು ನೋಡಿದಳು. ನನ್ನಂಥ ನಾರಿಗೂ ಆಗ ಕೂಗಬೇಕು ಅನ್ನಿಸಿತು, ಇವಳೇ, ಇವಳೇ ನಿನ್ನ ಅವ್ವ ಎಂದು.

"ಯಾಕ ಬಂದಿ, ಮಗಳ?" ಎಂದಳು ಫಕೀರವ್ವ.

"ಮುಂದಿನ ತಿಂಗಳ ಲಗ್ನ ಐತಿ. ಬೀಗರಿಗೆ ನಮ್ಮವ್ವ ಸತ್ತಾಳ ಅಂತ ಹೇಳ್ಯಾರ. ನಾ ಒಮ್ಮೆ ನೋಡಿ, ಇದನ್ನ ಕೊಟ್ಟು ಹೋಗೂಣು ಅಂತ ಬಂದೆ." ಚೀಲದಲ್ಲಿ ಹಸಿರು ಕುಪ್ಪಸದ ಖಣವೊಂದಿತ್ತು. "ಮಾಮಾನ ಹೇಂತಿಗೆ ಗೊತ್ತಿಲ್ಲ. ಹಿಂಗ ಗೆಳತಿ ಊರಿಗೆ ಹೋಗ್ತೀನಿ ಅಂತ ಹೇಳಿ ಬಂದೀನಿ."

ಫಕೀರವ್ವ ಬುಟ್ಟಿಯ ಹಿಡಿಕೆಯನ್ನು ಮಣಿಕಟ್ಟಿನಿಂದ ಒತ್ತಿ ಹಿಡಿದಿದ್ದಳು.

"ಈಕಿ ಈಗ ಇಲ್ಲವ್ವಾ," ಎಂದಳು. "ಭಾಳ ವರ್ಷ ಆತು."

ಹುಡುಗಿ ನಿಂತಲ್ಲೇ ನೆಲಕ್ಕೆ ಕುಳಿತಳು. ಅಳಲಿಲ್ಲ. ಚಿತ್ರವನ್ನು ಮತ್ತೆ ಸುರುಳಿ ಸುತ್ತುತ್ತ, ಸುತ್ತಿದ್ದನ್ನೇ ಮತ್ತೆ ಬಿಗಿ ಮಾಡುತ್ತ ಕುಳಿತಳು. "ಆಫೀಸಿನ್ಯಾಗ ಕೇಳಿ ಬರ್ಲ್ಯಾ?" ಎಂದಳು ಆಮೇಲೆ.

"ಬ್ಯಾಡ. ಹೆಸರು ಬರಕೋತಾರ. ಸುದ್ದಿ ಬೀಗರ ಮನಿ ಮುಟ್ಟತೈತಿ." ಧ್ವನಿ ಗಟ್ಟಿಯಾಗಿತ್ತು. ಮತ್ತೆ ಮೆತ್ತಗೆ ಕೇಳಿದಳು, "ಗಂಡ ಏನ್ ಮಾಡತಾನ?"

"ಗಿರಣ್ಯಾಗ ಅದಾನ್ರಿ."

"ಕುಡೀತಾನೇನು?"

"ಇಲ್ರಿ." ಹುಡುಗಿಗೆ ಆ ದುಃಖದಲ್ಲೂ ತುಸು ನಗು ಬಂತು. "ನಮ್ಮವ್ವನಂಗ ಕೇಳ್ತಿರಲ್ಲ ನೀವು."

ಫಕೀರವ್ವ ಬುಟ್ಟಿಯತ್ತ ಗಲ್ಲ ತೋರಿಸಿ, "ಕಾಯಿ ಒಯ್ತಿ ಏನು? ನನ್ನ ಬಳ್ಳೀದು," ಎಂದಳು. ಹೊರಗಿನವರನ್ನು ಹಾಗೆ ಕೇಳುವುದನ್ನು ಅವಳು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹುಡುಗಿ ಯೋಚನೆ ಮಾಡಲಿಲ್ಲ. ಎರಡು ಎಳೆಯ ಕಾಯಿ, ಕೆಂಪು ಚಿಂದಿ ಕಟ್ಟಿದ್ದ ಒಂದು ಒಣ ಕಾಯಿ ತೆಗೆದು ಚೀಲಕ್ಕೆ ಹಾಕಿಕೊಂಡಳು. ಖಣವನ್ನು ಸ್ಟೂಲಿನ ಮೇಲೆ, ನನ್ನ ಪಕ್ಕದಲ್ಲಿ ಇಟ್ಟಳು.

"ಇದನ್ನ ನೀವ ಹೊಲಿಸಿಕೊಳ್ರಿ ಅಜ್ಜಿ. ನಮ್ಮವ್ವನ ಹೆಸರಲೆ." ಬಗ್ಗಿ ಕಾಲು ಮುಟ್ಟಲು ಬಂದಳು. ಫಕೀರವ್ವ ಹಿಂದೆ ಸರಿದಳು.

ನೀರು ಹಿಡಿದು ಇಂದುಮತಿ ಬಂದಾಗ ಹುಡುಗಿ ಗೇಟು ದಾಟುತ್ತಿದ್ದಳು. ಕಂಕುಳಿನ ಸುರುಳಿಯನ್ನೂ, ಹಿಂದೆ ತಿರುಗಿದಾಗ ಕಂಡ ಹುಬ್ಬನ್ನೂ ನೋಡಿದ್ದೇ ಇಂದುಮತಿಯ ಕೈಯಿಂದ ಪಾತ್ರೆ ಬಿತ್ತು. ಅವಳು ಓಡಲು ಎರಡು ಹೆಜ್ಜೆ ಹಾಕಿರಬೇಕು. ಫಕೀರವ್ವ ಗಿಡ್ಡ ಬೆರಳುಗಳಿಂದ ಅವಳ ಸೆರಗು ಹಿಡಿಯಲಾಗದೆ, ಎರಡೂ ಮೊಣಕೈ ನಡುವೆ ಅವಳ ತೋಳನ್ನು ಸಿಕ್ಕಿಸಿ ಹಿಡಿದಳು.

"ಕರೀಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ, ಕರೀಬ್ಯಾಡ್ರಿ."

"ನಿನ್ನ ಮಗಳು ಫಕೀರವ್ವಾ! ನಾ ಮಾಡಿದ ತಪ್ಪು ಇದು, ನಾನ..."

"ಲಗ್ನ ಐತಿ," ಎಂದಳು ಫಕೀರವ್ವ. ಅಷ್ಟೇ ಹೇಳಿದಳು. ದೊಡ್ಡ ರಸ್ತೆಯಲ್ಲಿ ಬಸ್ಸು ನಿಂತು ಹೊರಟ ಸದ್ದು ಕೇಳುವವರೆಗೆ ಅವಳು ಆ ತೋಳನ್ನು ಬಿಡಲಿಲ್ಲ. ಬಿಟ್ಟ ಮೇಲೆ ಖಣವನ್ನು ಮೇಲೆತ್ತಿ ಬಲಗಣ್ಣಿನ ಕೆಳಗೆ ಒತ್ತಿಕೊಂಡಳು.

ಮೂರು ದಿನ ಇಂದುಮತಿ ಆಸ್ಪತ್ರೆಗೆ ಬರಲಿಲ್ಲ. ನಾಲ್ಕನೆಯ ದಿನ ಬಂದಾಗ ಫಕೀರವ್ವ ಹಸಿರು ಕುಪ್ಪಸ ಹೊಲಿಸಿ ತೊಟ್ಟು ಕಿಟಕಿಯ ಬಳಿ ತಾನೇ ಕುಳಿತಿದ್ದಳು.

"ಇನ್ನೊಂದು ಬರೀರಿ ಅಕ್ಕಾರ. ಇದ್ದಂಗ. ಏನೂ ಬಿಡಬ್ಯಾಡ್ರಿ."

ನನ್ನ ಬಾಳಿನಲ್ಲಿ ಅಂಥ ಕೆಲಸ ಮತ್ತೊಂದಿಲ್ಲ. ಒರಟು ಕಾಗದ, ಇಪ್ಪತ್ತು ದಿನ. ಹಣೆಯ ಬಿಗಿದ ಹೊಳಪಿಗೆ ಮೇಣ, ಹಳೆಯ ಮಚ್ಚೆಗಳಿಗೆ ಉಪ್ಪು. ಉಪ್ಪು ಕೂಡ ಆಗ ಅಹಂಕಾರ ಬಿಟ್ಟಿತ್ತು. ಕುಸಿದ ಮೂಗಿನ ಪಕ್ಕದ ಮಡಿಕೆಗೆ ನನ್ನ ಹರಿದ ತುದಿ, ಕೆನ್ನೆಯ ಜೋತ ಚರ್ಮಕ್ಕೆ ನನ್ನ ಇಡೀ ಮೈ. ಇಂದುಮತಿ ಪ್ರತಿ ಒತ್ತಿಗೂ ಮೊದಲು ಫಕೀರವ್ವನ ಮುಖವನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು, ಆಮೇಲೆ ನನ್ನನ್ನು ಎತ್ತುತ್ತಿದ್ದಳು. ಬಲಗಣ್ಣಿನ ಕೆಳಗಿನ ಎರಡು ಬೆರಳಗಲದ ಜಾಗಕ್ಕೆ ಬಂದಾಗ ನಿಲ್ಲಿಸಿ ಕೇಳಿದಳು, "ಇಲ್ಲಿ?"

"ಅಲ್ಲಿ ಸುಮ್ಮನ ಮೆತ್ತಗ ಒತ್ರಿ," ಎಂದಳು ಫಕೀರವ್ವ. "ಅಲ್ಲಿ ನನಗ ತಿಳೀತದ."

ಚಿತ್ರವನ್ನು ಕೂಡಲೇ ಕಳಿಸುವುದು ಇಂದುಮತಿಯ ಆಸೆ. ಫಕೀರವ್ವ ಒಪ್ಪಲಿಲ್ಲ. ಲಗ್ನ ಆಗಲಿ, ಒಂದು ಕೂಸು ಆಗಲಿ, ಗಂಡನ ಮನೆಯಲ್ಲಿ ಕಾಲು ಊರಲಿ, ಆಮೇಲೆ ಎಂದಳು. ಮುಂದಿನ ಮಳೆಗಾಲದಲ್ಲಿ ಅವಳಿಗೆ ಎದೆಯಲ್ಲಿ ಕಫ ಕಟ್ಟಿತು. ಎಂಟು ದಿನ ಮಲಗಿದ್ದಳು, ಅಷ್ಟೇ. ಹಸಿರು ಕುಪ್ಪಸದಲ್ಲೇ ಅವಳನ್ನು ಮಣ್ಣು ಮಾಡಿದರು.

ಚಿತ್ರ ಇಂದುಮತಿಯ ಪೆಟ್ಟಿಗೆ ಸೇರಿತು. ಅವಳು ಅದನ್ನು ಕಳಿಸಲಿಲ್ಲ. ನೀಲವ್ವನ ಗಂಡನ ಊರು ಅವಳಿಗೆ ಗೊತ್ತಿರಲಿಲ್ಲ ಎಂಬುದು ನಿಜ. ಹುಡುಕಲು ಹೆದರಿದಳು ಎಂಬುದೂ ನಿಜ. ಆ ಚಿತ್ರ ನೋಡಿದ ಕ್ಷಣ ಹುಡುಗಿಗೆ ಬೇಲಿಯ ಬಳಿಯ ಅಜ್ಜಿ ನೆನಪಾಗುತ್ತಾಳೆ. ಆಮೇಲೆ ಆ ಹುಡುಗಿ ಹೇಗೆ ನಿದ್ದೆ ಮಾಡಬೇಕು? ಈ ಮಾತನ್ನು ಇಂದುಮತಿ ನನ್ನ ಮುಂದೆಯೇ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು. ಕ್ರಮೇಣ ಬಣ್ಣದ ಫೋಟೋಗಳು ಬಂದವು, ಹಲಗೆಗಳು ಕಪಾಟಿಗೆ ಹೋದವು, ಅವಳು ಸೇವೆ ಮುಗಿಸಿ ಧಾರವಾಡದ ಮನೆ ಸೇರಿದಳು. ಬರುವಾಗ ಮೇಣ, ಬ್ಲೇಡು, ಉಪ್ಪಿನ ಡಬ್ಬಿ ಎಲ್ಲವನ್ನೂ ಬಿಟ್ಟಳು. ನನ್ನನ್ನು ಬಿಡಲಿಲ್ಲ.

ಒಂದು ದಿನ ಆಸ್ಪತ್ರೆಯವರು ಒಂದು ಕಾಗದವನ್ನು ಅವಳಿಗೆ ಕಳಿಸಿಕೊಟ್ಟರು. ಯಾರಿಗೆ ಕೊಡಬೇಕೋ ಅವರಿಗೆ ತಿಳಿದಿರಲಿಲ್ಲ. ಮೇಲೆ ವಿಳಾಸ ಹೀಗಿತ್ತು: ಹೆಂಗಸರ ವಾರ್ಡಿನ ಹಿಂದೆ, ಬೇಲಿ ಹತ್ತಿರ ಕಾಯಿ ಕೀಳುತ್ತಿದ್ದ ಅಜ್ಜಿಗೆ.

ಇಂದುಮತಿ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು. ಕೇಳುವವನು ನಾನೊಬ್ಬನೇ. ಅಜ್ಜಿ, ನೀವು ಕೊಟ್ಟ ಕಾಯಿಯ ಬೀಜ ಹಾಕಿದ್ದೆ. ಪ್ರತಿ ವರ್ಷವೂ ಬಳ್ಳಿ ಬರುತ್ತದೆ. ಓಣಿಯ ಎಲ್ಲರಿಗೂ ಕೊಡುತ್ತೇನೆ, ತಿನ್ನುತ್ತಾರೆ. ನನಗೆ ಇಬ್ಬರು ಹೆಣ್ಣುಮಕ್ಕಳು. ಅತ್ತೆ ಹೋದರು, ಈಗ ಯಾರ ಹೆದರಿಕೆಯೂ ಇಲ್ಲ. ಅವತ್ತು ನಿಮ್ಮ ಹೆಸರು ಕೇಳಲಿಲ್ಲ, ತಪ್ಪಾಯಿತು. ನಮ್ಮವ್ವನನ್ನು ನೀವು ಕಂಡಿದ್ದಿರಿ. ಆಕೆ ಹೇಗಿದ್ದಳು, ಏನು ಮಾತಾಡುತ್ತಿದ್ದಳು, ಬರೆಸಿ ಕಳಿಸುವಿರಾ?

ಇಂದುಮತಿ ಅಂದು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಪೆಟ್ಟಿಗೆಯಿಂದ ಚಿತ್ರ ತೆಗೆದು ಎರಡು ರಟ್ಟುಗಳ ನಡುವೆ ಇಟ್ಟಳು. ಒಂದು ಕಾಗದ ಬರೆದಳು. ಬಹಳ ಹೊತ್ತು ಬರೆದು, ಹರಿದು, ಮತ್ತೆ ಬರೆದಳು. ತಾನು ಮಾಡಿದ್ದನ್ನೂ ಮುಚ್ಚಿಡಲಿಲ್ಲ. ಕೊನೆಗೆ ನನ್ನನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ನಿನ್ನ ಅವ್ವನ ಬಳ್ಳಿಯದು ಎಂದು ಬರೆದು ಜೊತೆಗಿಟ್ಟಳು. ಮೊದಲ ಸಲ ಹೆದರಿ ಹಿಡಿದಾಗಲೂ ಅವಳು ನನ್ನನ್ನು ಪತ್ರಿಕೆಯಲ್ಲೇ ಹಿಡಿದಿದ್ದಳು. ಈ ಸಲ ಸುತ್ತುವ ಮುನ್ನ ಬರಿಗೈಯಲ್ಲಿ ತುಸು ಹೊತ್ತು ಹಿಡಿದುಕೊಂಡಳು.

ಈಗ ನಾನು ನೀಲವ್ವನ ಮನೆಯ ಗೂಡಿನಲ್ಲಿ ಇದ್ದೇನೆ. ಕಟ್ಟು ಬಿಚ್ಚಿದ ದಿನ ನೀಲವ್ವ ಚಿತ್ರವನ್ನು ನೋಡಿ ಕೂಗಲಿಲ್ಲ. ಬಾಯಿಯ ಮೇಲೆ ಕೈ ಇಟ್ಟುಕೊಂಡು, ಕುಪ್ಪಸದ ಹಸಿರನ್ನು ಮುಟ್ಟಿ, "ಹೊಲ್ಸಿಕೊಂಡಾಳ," ಎಂದಳು. ಆಮೇಲೆ ಹಿತ್ತಿಲಿಗೆ ಹೋಗಿ ಬಳ್ಳಿಯ ಬುಡದಲ್ಲಿ ಕತ್ತಲಾಗುವವರೆಗೆ ಕುಳಿತಿದ್ದಳು. ಗಂಡ ಕರೆಯಲು ಹೋದವನು ತಾನೂ ಪಕ್ಕದಲ್ಲಿ ಕುಳಿತ.

ಎರಡು ಚಿತ್ರಗಳೂ ಒಂದೇ ಗೋಡೆಯ ಮೇಲಿವೆ. ಒಂದು ದಿನ ಅವಳ ಕಿರಿಯ ಮಗಳು ಅವುಗಳ ಕೆಳಗೆ ನಿಂತು ಕೇಳಿದಳು, "ಅವ್ವಾ, ಈ ಚಂದನಾಕಿ ಯಾರು?"

"ಗೊತ್ತಿಲ್ಲವ್ವಾ," ಎಂದಳು ನೀಲವ್ವ. "ಆಕಿನ್ನ ನಾ ಎಂದೂ ನೋಡಿಲ್ಲ."

"ಮತ್ತ ಈಕಿ?"

"ಈಕಿ ನಮ್ಮವ್ವ. ಒಮ್ಮೆ ಮಾತಾಡ್ಸಿದ್ದೆ."

ನನ್ನ ಎಳೆಗಳು ಈಗ ಮುಟ್ಟಿದರೆ ಉದುರುತ್ತವೆ. ಮಳೆಗಾಲದ ತಂಪಿಗೆ ಒಳಗೆ ಕೂತಿರುವ ಹಳೆಯ ಕಂದು ಬಣ್ಣ ತುಸು ಹಸಿಯಾಗುತ್ತದೆ. ಜಲವರ್ಣದ ಗುಣವೇ ಹಾಗೆ, ನೀರು ಸೋಕಿದರೆ ಮತ್ತೆ ಎಚ್ಚರಗೊಳ್ಳುತ್ತದೆ. ಅಂಥ ದಿನ ಯಾರಾದರೂ ನನ್ನನ್ನು ಒಂದು ಬಿಳಿ ಕಾಗದಕ್ಕೆ ಒತ್ತಿದರೆ ಫಕೀರವ್ವನ ಕೆನ್ನೆ ಇನ್ನೊಮ್ಮೆ ಮೂಡಬಹುದು. ಮೆತ್ತಗೆ ಒತ್ತಬೇಕು, ಅಷ್ಟೇ.